ಶಿಲ್ಕಿನ ಲೆಕ್ಕ

ಕಂಪ್ಯೂಟರ್ ಎಂದರೆ ನನಗೆ ಮೊದಲು ನೆನಪಾಗುವುದು ಚಪ್ಪಲಿ. 1991ರಲ್ಲಿ ನಮ್ಮೂರಿನ ಪೇಟೆ ಬೀದಿಯಲ್ಲಿ, ಔಷಧಿ ಅಂಗಡಿಯ ಮಹಡಿಯ ಮೇಲೆ ಕಂಪ್ಯೂಟರ್ ಕಲಿಸುವ ಕೇಂದ್ರವೊಂದು ಶುರುವಾಗಿತ್ತು. ಬಾಗಿಲಿಗೆ 'ಪಾದರಕ್ಷೆಗಳನ್ನು ಹೊರಗೆ ಬಿಡಿ' ಎಂಬ ಫಲಕ. ಒಳಗೆ ಏ.ಸಿ., ನೆಲಕ್ಕೆ ಜಮಖಾನ. ನಾಲ್ಕು ಯಂತ್ರಗಳ ಮೇಲೂ ಪ್ಲಾಸ್ಟಿಕ್ ಹೊದಿಕೆ. ಪಾಠಕ್ಕೆ ಮುಂಚೆ ಆ ಹೊದಿಕೆಗಳನ್ನು ತೆಗೆದು ಮಡಿಸಿಡುವುದನ್ನು ನೋಡಿದರೆ ಗರ್ಭಗುಡಿಯ ಪರದೆ ಸರಿಸಿದ ಹಾಗಿರುತ್ತಿತ್ತು. ದೇವಸ್ಥಾನಕ್ಕೆ ಹೋದರೆ ಚಪ್ಪಲಿ ಹೋದೀತೆಂಬ ಭಯ. ಇಲ್ಲಿ ಮಾನ ಹೋದೀತೆಂಬ ಭಯ. ಕೊನೆಗೆ ಹೋಗಿದ್ದೂ ಅದೇ.

ಆಗ ನಾನು ಸಹಕಾರ ಸಂಘವೊಂದರಲ್ಲಿ ಗುಮಾಸ್ತೆ. ಇಪ್ಪತ್ತೊಂಬತ್ತು ವರ್ಷ, ಕಂಕುಳಲ್ಲಿ ಎರಡು ವರ್ಷದ ಮಗಳು. ಸಂಘಕ್ಕೂ ಒಂದು ಕಂಪ್ಯೂಟರ್ ತರಿಸುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿ, ಯಾರಾದರೊಬ್ಬರು ಕಲಿತು ಬರಲಿ ಎಂದು ನನ್ನ ಹೆಸರು ಬರೆಯಿತು. ನಗದು ಪುಸ್ತಕ ನನ್ನ ಕೈಯಲ್ಲಿತ್ತು. ಈ ಹೆಂಗಸು ಕೂಡುವುದರಲ್ಲಿ ತಪ್ಪುವುದಿಲ್ಲ ಎಂಬ ಹೆಸರೂ ಇತ್ತು. ಮೂರು ತಿಂಗಳು, ಸಂಜೆ ಆರರಿಂದ ಏಳು. ಫೀಸು ಸಂಘದ್ದು. ಮಗುವನ್ನು ಅತ್ತೆಯವರ ಮಡಿಲಿಗೆ ಹಾಕಿ, ರಾತ್ರಿಯ ಸಾರಿಗೆ ಬೇಳೆ ಬೇಯಿಸಿಟ್ಟು ಓಡುತ್ತಿದ್ದೆ.

ಕಲಿಸುತ್ತಿದ್ದ ಭಾಷೆಯ ಹೆಸರು ಬೇಸಿಕ್. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ, ಥಾಮಸ್ ಕರ್ಟ್ಜ್ ಎಂಬ ಇಬ್ಬರು ಗಣಿತದ ಮೇಷ್ಟ್ರುಗಳು 1964ರಲ್ಲಿ ಹೊಸಬರಿಗೆ ಸುಲಭವಾಗಲೆಂದೇ ಕಟ್ಟಿದ ಭಾಷೆ ಅದು ಎಂದು ನನಗೆ ತಿಳಿದದ್ದು ತೀರ ಈಚೆಗೆ. ಆಗಲೇ ತಿಳಿದಿದ್ದರೆ ಇನ್ನಷ್ಟು ಅವಮಾನವಾಗುತ್ತಿತ್ತೋ ಏನೋ. ಅದರಲ್ಲಿ ಪ್ರತಿ ಸಾಲಿಗೂ ಒಂದು ನಂಬರು: 10, 20, 30 ಹೀಗೆ. ನಡುವೆ ಏನಾದರೂ ಮರೆತಿದ್ದರೆ 15 ಎಂದು ಆಮೇಲೆ ಸೇರಿಸಬಹುದು. ಪಂಕ್ತಿಯಲ್ಲಿ ಎಲೆ ಹಾಕುವಾಗ ತಡವಾಗಿ ಬರುವ ನೆಂಟರಿಗೆ ಜಾಗ ಬಿಡುತ್ತೇವಲ್ಲ, ಹಾಗೆ. ಮೊದಲ ವಾರವೆಲ್ಲ ಖುಷಿಯಾಗಿಯೇ ಇದ್ದೆ.

ಎರಡನೆಯ ವಾರ ಸರ್ ಬೋರ್ಡಿನ ಮೇಲೆ ಮೂರು ಸಾಲು ಬರೆದರು.

10 ಲೆಟ್ ಎಕ್ಸ್ = 5
20 ಲೆಟ್ ಎಕ್ಸ್ = ಎಕ್ಸ್ + 1
30 ಪ್ರಿಂಟ್ ಎಕ್ಸ್

ನಮ್ಮಪ್ಪ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು. ಸಮ ಚಿಹ್ನೆ ಎಂದರೆ ತಕ್ಕಡಿಯ ಮುಳ್ಳು ಎಂದು ನನಗೆ ಹೇಳಿಕೊಟ್ಟವರು. ಈ ತಟ್ಟೆಯಿಂದ ಒಂದು ಹುಣಿಸೆಬೀಜ ತೆಗೆದರೆ ಆ ತಟ್ಟೆಯಿಂದಲೂ ಒಂದು ತೆಗೆಯಬೇಕು, ಇಲ್ಲದಿದ್ದರೆ ಮುಳ್ಳು ವಾಲುತ್ತದೆ. ಇಪ್ಪತ್ತನೆಯ ಸಾಲನ್ನು ನೋಡಿದ ಕೂಡಲೆ ನನ್ನ ತಲೆಯೊಳಗಿನ ತಕ್ಕಡಿ ಧೊಪ್ಪನೆ ಒಂದು ಕಡೆಗೆ ಬಿತ್ತು. ಕೈ ಎತ್ತಿದೆ.

"ಸರ್, ಎಕ್ಸು, ಎಕ್ಸ್ ಪ್ಲಸ್ ಒಂದು, ಇವೆರಡೂ ಹೇಗೆ ಸಮ ಆಗ್ತವೆ? ಎರಡೂ ಕಡೆ ಎಕ್ಸ್ ಕಳೆದರೆ ಸೊನ್ನೆ ಸಮ ಒಂದು ಅಂತ ಆಗತ್ತಲ್ಲ?"

ಹಿಂದಿನ ಬೆಂಚಿನ ಕಾಲೇಜು ಹುಡುಗರು ಕಿಸಕ್ಕನೆ ನಕ್ಕರು. ಸರ್‌ಗೂ ಇಪ್ಪತ್ತೆರಡು ಇಪ್ಪತ್ಮೂರಕ್ಕಿಂತ ಹೆಚ್ಚು ವಯಸ್ಸಿರಲಿಲ್ಲ. "ಮೇಡಂ, ಇದು ನಿಮ್ಮ ಸ್ಕೂಲ್ ಲೆಕ್ಕ ಅಲ್ಲ. ಕಂಪ್ಯೂಟರಲ್ಲಿ ಹಾಗೇ ಬರೆಯೋದು. ಸುಮ್ಮನೆ ಬರ್ಕೊಳ್ಳಿ" ಎಂದರು. ಬರೆದುಕೊಂಡೆ. ಅದರ ಕೆಳಗೆ ಪೆನ್ಸಿಲಿನಲ್ಲಿ, ಯಾರಿಗೂ ಕಾಣದಷ್ಟು ಸಣ್ಣದಾಗಿ, 0 = 1 ಎಂದು ಬರೆದು ಪ್ರಶ್ನೆ ಚಿಹ್ನೆ ಹಾಕಿದೆ. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಒಬ್ಬ ಹುಡುಗ ಇನ್ನೊಬ್ಬನಿಗೆ, "ಆಂಟಿಗೆ ಸೊನ್ನೆಗೂ ಒಂದಕ್ಕೂ ವ್ಯತ್ಯಾಸ ಗೊತ್ತಿಲ್ಲ ಕಣೋ" ಎಂದದ್ದು ಕಿವಿಗೆ ಬಿತ್ತು.

ಮಾರನೆಯ ವಾರ ಮಗುವಿಗೆ ಜ್ವರ ಎಂದೆ. ಅದರ ಮಾರನೆಯ ವಾರ ಅತ್ತೆಗೆ ಮಂಡಿನೋವು ಎಂದೆ. ಮೂರನೆಯ ವಾರ ಯಾರೂ ಕೇಳಲಿಲ್ಲ. ನನ್ನ ಬದಲು ಕಿರಿಯ ಸಹೋದ್ಯೋಗಿಯೊಬ್ಬರು ಹೋದರು, ಕಲಿತರು, ಯಂತ್ರ ಬಂದಾಗ ಆ ವಿಭಾಗಕ್ಕೆ ಅವರೇ ಮುಖ್ಯಸ್ಥರಾದರು. ಅವರ ಮೇಲೆ ನನಗೇನೂ ದೂರಿಲ್ಲ. ಅವರು ಪ್ರಶ್ನೆ ಕೇಳದೆ ಬರೆದುಕೊಂಡರು, ಅಷ್ಟೆ. ನಾನು ಇನ್ಯಾರೋ ಬರೆದ ಪ್ರೋಗ್ರಾಮಿನ ಗುಂಡಿಗಳನ್ನು ಒತ್ತಿಕೊಂಡು 2020ರಲ್ಲಿ ನಿವೃತ್ತಳಾದೆ.

ಇಷ್ಟಕ್ಕೇ ಮುಗಿದಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಬಡ್ತಿ ತಪ್ಪಿದ ಹೆಂಗಸರು ಬೀದಿಗೊಬ್ಬರು ಸಿಗುತ್ತಾರೆ. 2005ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮಗಳು, "ಸೈನ್ಸ್ ತಗೊಂಡು ಕಂಪ್ಯೂಟರ್ ಓದ್ತೀನಮ್ಮ" ಎಂದಳು. ನಾನು ಹಪ್ಪಳ ಒತ್ತುತ್ತಿದ್ದೆ. ತಲೆ ಎತ್ತದೆ, "ಬೇಡ ಪುಟ್ಟಿ. ಅದು ನಮ್ಮಂಥವರ ತಲೆಗೆ ಹತ್ತೋದಲ್ಲ. ನಾನು ಹೋಗಿ ನೋಡಿಯೇ ಬಂದಿದೀನಿ" ಎಂದುಬಿಟ್ಟೆ. ಕಾಶಿಗೆ ಹೋಗಿ ಬಂದವರು ಗಂಗೆಯ ಆಳ ಹೇಳಿದ ಹಾಗೆ. ಅವಳು ಕಾಮರ್ಸ್ ತೆಗೆದುಕೊಂಡಳು. ಚೆನ್ನಾಗಿಯೇ ಓದಿದಳು, ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸಕ್ಕೂ ಸೇರಿದಳು, ಮಗುವಾದ ಮೇಲೆ ಬಿಟ್ಟಳು.

2024ರ ಬೇಸಗೆಯಲ್ಲಿ ಮಗನನ್ನು ಕರೆದುಕೊಂಡು ಬಂದವಳು ರಜೆ ಮುಗಿದರೂ ಹೊರಡಲಿಲ್ಲ. ಅವಳ ಸಂಸಾರದ ವಿಷಯ ಇಲ್ಲಿ ಬೇಡ. ಅವಳಿಗೆ ಕೆಲಸ ಬೇಕೇ ಬೇಕಾಗಿತ್ತು ಎಂದಷ್ಟು ಹೇಳಿದರೆ ಸಾಕು. ಅರ್ಜಿ ಹಾಕಿದ ಕಡೆಯಲ್ಲೆಲ್ಲ, ಲೆಕ್ಕಪತ್ರದ ಜೊತೆಗೆ ಪೈಥಾನ್ ಬರುತ್ತದೆಯೇ ಎಂದು ಕೇಳಿದರಂತೆ. ಪೈಥಾನ್ ಎಂದರೆ ಹೆಬ್ಬಾವೆಂದು ತಿಳಿದಿದ್ದ ನನಗೆ, ಅದು ನೆದರ್‌ಲ್ಯಾಂಡ್ಸಿನ ಗೀಡೊ ವ್ಯಾನ್ ರೋಸಮ್ ಎಂಬಾತ 1991ರಲ್ಲಿ ಹೊರತಂದ ಭಾಷೆ, ಹೆಸರು ಬಂದದ್ದು ಹಾವಿನಿಂದಲ್ಲ, ಮಾಂಟಿ ಪೈಥಾನ್ ಎಂಬ ನಗೆನಾಟಕದ ತಂಡದಿಂದ ಎಂದು ವಿವರಿಸಿದಳು. 1991! ನಾನು ಚಪ್ಪಲಿ ಮೆಟ್ಟಿಕೊಂಡು ಇಳಿದು ಬಂದ ವರ್ಷವೇ. ಆರು ತಿಂಗಳ ತರಗತಿ, ಮನೆಯಲ್ಲೇ ಕೂತು ಕೇಳುವುದು. ಕಟ್ಟಿದ ದುಡ್ಡು ಅವಳ ಬಳೆಯದು.

ಜೂನಿನ ಒಂದು ರಾತ್ರಿ, ಹನ್ನೊಂದು ದಾಟಿತ್ತು. ನೀರು ಕುಡಿಯಲು ಎದ್ದವಳಿಗೆ ಊಟದ ಮೇಜಿನ ಹತ್ತಿರ ಮೂಗು ಸೆಳೆಯುವ ಸದ್ದು ಕೇಳಿಸಿತು. ಮಳೆಯ ಶೀತವಿರಬಹುದೆಂದುಕೊಂಡೆ. ಅಲ್ಲ.

"ನೀನು ಅವತ್ತು ಹೇಳಿದ್ದು ನಿಜಾನೇ ಅಮ್ಮ. ಇದು ನಮ್ಮ ತಲೆಗೆ ಹತ್ತೋದಲ್ಲ."

ಹತ್ತೊಂಬತ್ತು ವರ್ಷದ ಹಿಂದೆ ಹಪ್ಪಳ ಒತ್ತುತ್ತ ಆಡಿದ ಮಾತು ಚಕ್ರಬಡ್ಡಿ ಸಮೇತ ಮನೆಗೆ ಬಂದಿತ್ತು. ಪರದೆಯ ಮೇಲೆ ಏನಿದೆಯೆಂದು ಬಗ್ಗಿ ನೋಡಿದೆ. ಎಕ್ಸ್ = ಎಕ್ಸ್ + 1. ಅದೇ ಸಾಲು. ಲೆಟ್ ಎಂಬ ಮಾತೊಂದು ಉದುರಿಹೋಗಿತ್ತು, ಉಳಿದಂತೆ ಒಂದು ಕೂದಲೂ ನರೆಯದೆ ಕೂತಿತ್ತು.

ನನಗೆ ಏನೂ ಹೇಳಲು ತೋಚಲಿಲ್ಲ. ಅಡಿಗೆಮನೆಗೆ ಹೋಗಿ ಹಾಲು ಬಿಸಿ ಮಾಡಲು ನಿಂತೆ. ಗೂಡಿನಲ್ಲಿ ನನ್ನ ಮನೆಖರ್ಚಿನ ಪುಸ್ತಕವಿತ್ತು. ಸಂಘ ಬಿಟ್ಟರೂ ಚಟ ಬಿಟ್ಟಿಲ್ಲ. ದಿನಾ ರಾತ್ರಿ ಶಿಲ್ಕು ತೆಗೆದೇ ಮಲಗುವವಳು ನಾನು. ಅವತ್ತಿನದಿನ್ನೂ ಬರೆದಿರಲಿಲ್ಲ. ಹಾಲು ಕಾಯುವವರೆಗೆ ಬರೆಯೋಣವೆಂದು ಪೆನ್ನು ತೆಗೆದೆ. ಹಿಂದಿನ ಶಿಲ್ಕು 1,840. ಜಮಾ 500. ಖರ್ಚು 265. ಶಿಲ್ಕು 2,075.

ಪೆನ್ನು ಅಲ್ಲೇ ನಿಂತಿತು. ಶಿಲ್ಕಿಗೆ ಐನೂರು ಕೂಡಿ, ಇನ್ನೂರ ಅರವತ್ತೈದು ಕಳೆದರೆ ಶಿಲ್ಕು! ಮೊದಲನೆಯ ಶಿಲ್ಕು ನಿನ್ನೆಯದು, ಕೊನೆಯದು ಇವತ್ತಿನದು. ಹೆಸರು ಒಂದೇ. ಮೂವತ್ತು ವರ್ಷ ಸಂಘದ ನಗದು ಪುಸ್ತಕದಲ್ಲಿ ಪ್ರತಿ ಸಂಜೆ ನಾನು ಬರೆದದ್ದು ಇದನ್ನೇ ಅಲ್ಲವೇ? ಒಂದು ದಿನವಾದರೂ, ನಿನ್ನೆಯ ಶಿಲ್ಕೂ ಇವತ್ತಿನ ಶಿಲ್ಕೂ ಹೇಗೆ ಸಮವಾದಾವು ಎಂದು ಕೇಳಿಕೊಂಡಿದ್ದೆನೆ?

ಹಾಲು ಉಕ್ಕಿತು. ಒರೆಸಲೂ ನಿಲ್ಲದೆ ಪುಸ್ತಕ ಹಿಡಿದು ಹೊರಗೆ ಬಂದೆ. "ಪುಟ್ಟಿ, ಅದು ಸಮ ಅಲ್ಲ ಕಣೇ. ತಕ್ಕಡಿ ಅಲ್ಲ ಅದು. ಮೊದಲು ಬಲಗಡೆಯ ಲೆಕ್ಕ ಪೂರ್ತಿ ಮಾಡು, ಬಂದದ್ದನ್ನು ಎಡಗಡೆಯ ಹೆಸರಿನ ಮುಂದೆ ಬರಿ ಅಂತ ಅಪ್ಪಣೆ. ನಾವು ಶಿಲ್ಕು ತೆಗೆಯೋದೇ ಹಾಗೆ." ಮಗಳು ಕಣ್ಣೊರೆಸಿಕೊಂಡು ಪುಸ್ತಕ ನೋಡಿದಳು, ಪರದೆ ನೋಡಿದಳು. ಅವಳೂ ಲೆಕ್ಕಪತ್ರ ಓದಿದವಳು ತಾನೆ. "ಓಪನಿಂಗ್ ಬ್ಯಾಲೆನ್ಸು, ಕ್ಲೋಸಿಂಗ್ ಬ್ಯಾಲೆನ್ಸು!" ಎಂದು ಮೇಜು ಗುದ್ದಿದಳು. ಒಳಗೆ ಮಲಗಿದ್ದ ಮೊಮ್ಮಗ ಎದ್ದು ಕೂತ.

ಅವತ್ತು ಒಂದು ಗಂಟೆಯವರೆಗೂ ಕೂತಿದ್ದೆವು. ಒಂದು ಸಮ ಚಿಹ್ನೆ ಹಾಕಿದರೆ ಅಪ್ಪಣೆ, ಎರಡನ್ನು ಒತ್ತಟ್ಟಿಗೆ ಹಾಕಿದರೆ ಪ್ರಶ್ನೆ ಎಂದು ಅವಳ ಪಾಠದಲ್ಲಿತ್ತು. ಅವಳು ಇವೆರಡನ್ನೂ ಕಲಸಿಬಿಡುತ್ತಿದ್ದಳು. ಕನ್ನಡದಲ್ಲಿ ಓದಿದರೆ ಕಲಸುವುದಿಲ್ಲ ಎಂದು ನನಗನ್ನಿಸಿತು. ಮೊದಲನೆಯದು 'ಆಗಲಿ', ಎರಡನೆಯದು 'ಆಗಿದೆಯೇ?'. ಮದುವೆಯಾಗಲಿ ಎನ್ನುವುದಕ್ಕೂ ಮದುವೆಯಾಗಿದೆಯೇ ಎನ್ನುವುದಕ್ಕೂ ಇರುವ ವ್ಯತ್ಯಾಸ ಯಾವ ಹೆಣ್ಣಿಗೆ ಗೊತ್ತಿಲ್ಲ ಹೇಳಿ! ಆಮೇಲೆ ಹೊಳೆಯಿತು: ನನ್ನ ಕಾಲದ ಬೇಸಿಕ್‌ನಲ್ಲಿ ಲೆಟ್ ಎಂಬ ಮಾತು ಸಾಲಿನ ಮುಂದೆಯೇ ಇತ್ತಲ್ಲ. ಲೆಟ್ ಎಂದರೆ ಆಗಲಿ. ಉತ್ತರ ಬೋರ್ಡಿನ ಮೇಲೆಯೇ ಇತ್ತು. ಸರ್ ಅದರ ಮೇಲೆ ಬೆರಳಿಟ್ಟಿದ್ದರೆ ಸಾಕಾಗಿತ್ತು. ಅವರಿಗೂ ಯಾರೂ ಬೆರಳಿಟ್ಟು ತೋರಿಸಿರಲಿಕ್ಕಿಲ್ಲ.

ಮಾರನೆಯ ದಿನದಿಂದ ನಾನೂ ಅವಳ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡೆ. ಸಮ ಚಿಹ್ನೆಯ ಪೂರ್ವಾಪರವನ್ನೂ ಹುಡುಕಿಸಿ ಓದಿದೆ. ಆ ಎರಡು ಗೆರೆಗಳನ್ನು ಮೊದಲು ಅಚ್ಚಿನಲ್ಲಿ ಬಳಸಿದವನು ರಾಬರ್ಟ್ ರೆಕಾರ್ಡ್ ಎಂಬ ವೇಲ್ಸ್ ದೇಶದವನು, 1557ರಲ್ಲಿ. ಜೋಡಿಗೆರೆಗಳಷ್ಟು ಸಮನಾದದ್ದು ಬೇರೊಂದಿಲ್ಲ ಎಂಬುದು ಅವನ ಕಾರಣ. ಸರಿಯಾಗಿ ನಾನೂರು ವರ್ಷದ ಮೇಲೆ, 1957ರಲ್ಲಿ ಐಬಿಎಂ ಕಂಪನಿಯ ಫೋರ್ಟ್ರಾನ್ ಭಾಷೆ ಬಂದಾಗ ಅದೇ ಗೆರೆಗಳನ್ನು ಅಪ್ಪಣೆಯ ಗುರುತಾಗಿ ಬಳಸಿಕೊಂಡರು. ಇದು ಸರಿಯಲ್ಲವೆಂದು ಆಗಲೇ ಕೆಲವು ಪಂಡಿತರಿಗೆ ಅನ್ನಿಸಿರಬೇಕು. ಆಲ್ಗಾಲ್, ಪ್ಯಾಸ್ಕಲ್ ಭಾಷೆಗಳನ್ನು ಕಟ್ಟಿದವರು ಸಮ ಚಿಹ್ನೆಯ ಹಿಂದೆ ಎರಡು ಚುಕ್ಕೆ ಇಟ್ಟು ಅಪ್ಪಣೆಯ ಗುರುತನ್ನೇ ಬೇರೆ ಮಾಡಿದರು. ಇದನ್ನು ಓದಿದ ದಿನ ನಾನು ಒಬ್ಬಳೇ ಕೂತು ಸ್ವಲ್ಪ ಹೊತ್ತು ನಕ್ಕೆ, ಸ್ವಲ್ಪ ಹೊತ್ತು ಅತ್ತೆ. ನಮ್ಮಪ್ಪನ ಹುಣಿಸೆಬೀಜ ಸರಿಯಾಗಿಯೇ ಇತ್ತು.

ಹೊಸಬರ ಉಳಿದ ಗೊಂದಲಗಳೂ ಒಂದೊಂದಾಗಿ ಬಾಗಿಲು ತಟ್ಟಿದವು. ಯಂತ್ರ ಎರಡು ಮೊತ್ತ ಕೇಳಿತು. ಮಗಳು 50, 25 ಎಂದು ಒತ್ತಿದಳು. ಕೂಡಿ 5025 ಎಂದು ತೋರಿಸಿತು. "ಸಂಘದಲ್ಲಿ ಹೀಗೆ ಕೂಡಿದ್ದರೆ ನಾನು ಜೈಲಲ್ಲಿರ್ತಿದ್ದೆ" ಎಂದೆ. ಕೀಲಿಮಣೆಯಿಂದ ಬಂದದ್ದೆಲ್ಲ ಅದಕ್ಕೆ ಬರಿಯ ಬರಹ. ಸಂಖ್ಯೆಯೆಂದು ತಿಳಿ ಎಂದು ನಾವು ಹೇಳುವವರೆಗೆ ಒಂದರ ಪಕ್ಕ ಒಂದನ್ನು ಅಂಟಿಸುತ್ತದೆ. ಮನೆ ನಂಬರ್ 50, ಮನೆ ನಂಬರ್ 25 ಕೂಡಿದರೆ 75ನೇ ಮನೆಯಾಗುವುದಿಲ್ಲವಲ್ಲ. ಪಟ್ಟಿಯ ಮೊದಲನೆಯದಕ್ಕೆ ಸೊನ್ನೆ ಎಂಬ ಸ್ಥಾನ ಕೊಡುವುದು ನಮ್ಮಿಬ್ಬರಿಗೂ ವಿಚಿತ್ರವಾಯಿತು. ಮೊಮ್ಮಗನಿಗೆ ಆಗಲಿಲ್ಲ. "ನಮ್ಮ ಬಿಲ್ಡಿಂಗಿನ ಲಿಫ್ಟಲ್ಲೂ ಕೆಳಗಡೇದು ಸೊನ್ನೇನೇ ಅಜ್ಜಿ" ಎಂದು ಆಟಕ್ಕೆ ಓಡಿದ. 1ರಿಂದ 10ರವರೆಗೆ ಎಂದರೆ ಪೈಥಾನ್ 9ಕ್ಕೇ ನಿಲ್ಲುತ್ತದೆ. ಮಂಗಳವಾರದವರೆಗೆ ರಜ ಎಂದರೆ ಮಂಗಳವಾರ ಶಾಲೆ ಇದೆಯೋ ಇಲ್ಲವೋ ಎಂದು ನಾವು ಜಗಳವಾಡುವುದಿಲ್ಲವೆ? ಈ ಭಾಷೆ ಇದೆ ಎನ್ನುವವರ ಕಡೆ.

ಆದರೆ ನನ್ನಿಂದಲೇ ಒಂದು ಎಡವಟ್ಟಾಯಿತು. ಹೆಸರು ಎಂದರೆ ಡಬ್ಬಿ, ಬೆಲೆ ಎಂದರೆ ಒಳಗಿನ ಸಾಮಾನು ಎಂದು ಮಗಳಿಗೆ ಹೇಳಿಕೊಟ್ಟಿದ್ದೆ. ಗುರುವಾದ ಗತ್ತು ಬೇರೆ. ಆ ವಾರದ ಪರೀಕ್ಷೆಯಲ್ಲಿ ಪ್ರಶ್ನೆ ಬಂತು: ಅ ಎಂಬ ಪಟ್ಟಿಯಲ್ಲಿ 1, 2, 3 ಇದೆ; ಬ = ಅ ಎಂದು ಬರೆದು, ಬ ಪಟ್ಟಿಗೆ 4 ಸೇರಿಸಿದರೆ ಅ ಪಟ್ಟಿಯಲ್ಲಿ ಏನಿರುತ್ತದೆ? ಒಂದು ಡಬ್ಬಿಯದನ್ನು ನೋಡಿ ಇನ್ನೊಂದು ಡಬ್ಬಿ ತುಂಬಿಸಿದ್ದೇವೆ, ಎರಡನೆಯದಕ್ಕೆ ಹಾಕಿದರೆ ಮೊದಲನೆಯದಕ್ಕೇನು ಎಂದುಕೊಂಡು, 1, 2, 3 ಎಂದೇ ಬರೆದಳು. ತಪ್ಪು. ಅಲ್ಲಿಯೂ ನಾಲ್ಕು ಕೂತಿತ್ತು. "ನಿನ್ನ ಡಬ್ಬಿ ನಂಬಿ ಮಾರ್ಕ್ಸ್ ಹೋಯ್ತು ನೋಡು" ಎಂದು ಮುಖ ಊದಿಸಿದಳು.

ಎರಡು ದಿನ ನನಗೆ ಊಟ ರುಚಿಸಲಿಲ್ಲ. ಬೋರ್ಡಿನ ಮುಂದೆ ನಿಂತ ಆ ಸರ್‌ಗೂ ನನಗೂ ಏನು ವ್ಯತ್ಯಾಸ ಉಳಿಯಿತು ಎನ್ನಿಸಿತು. ಅತ್ತೆಯವರ ಫೋಟೋಕ್ಕೆ ಹೂವು ಏರಿಸುವಾಗ ಬಿಡಿಸಿಕೊಂಡಿತು. ಆ ಮಹಾತಾಯಿಯನ್ನು ನಾನು ಅತ್ತೆ ಎನ್ನುತ್ತಿದ್ದೆ, ನಮ್ಮವರು ಅಮ್ಮ ಎನ್ನುತ್ತಿದ್ದರು, ಪುಟ್ಟಿ ಅಜ್ಜಿ ಎನ್ನುತ್ತಿದ್ದಳು. ಅತ್ತೆಗೆ ಜ್ವರ ಬಂದರೆ ಅಮ್ಮ ಆರೋಗ್ಯವಾಗಿ ಓಡಾಡಿಕೊಂಡಿರುತ್ತಿದ್ದರೇ? ಪೈಥಾನ್‌ನಲ್ಲಿ ಹೆಸರು ಡಬ್ಬಿಯಲ್ಲ, ಕರೆಯುವ ಹೆಸರು. ಬ = ಅ ಎಂದರೆ ಇದ್ದ ಒಂದೇ ಪಟ್ಟಿಗೆ ಇನ್ನೊಂದು ಹೆಸರು. ಬೇರೆ ಪಟ್ಟಿಯೇ ಬೇಕಿದ್ದರೆ ನಕಲು ಮಾಡು ಎಂದು ಬಾಯಿಬಿಟ್ಟು ಹೇಳಬೇಕು. ಬರಿಯ ಸಂಖ್ಯೆಗಳಿರುವಷ್ಟು ದಿನ ಡಬ್ಬಿಯ ಲೆಕ್ಕವೂ ಅದೇ ಉತ್ತರ ಕೊಡುತ್ತಿತ್ತು, ಹಾಗಾಗಿ ಹುಳುಕು ಹೊರಬಿದ್ದಿರಲಿಲ್ಲ. ಮಗಳ ಹತ್ತಿರ ತಪ್ಪಾಯಿತೆಂದು ಒಪ್ಪಿಕೊಂಡೆ. ಅಮ್ಮಂದಿರು ಇದನ್ನು ಹೇಳುವುದು ಅಪರೂಪ, ಹಾಗಾಗಿ ಅವಳೇ ಗಾಬರಿಯಾದಳು.

ಇನ್ನೊಂದು ಮಾತ್ರ ಗುಮಾಸ್ತೆಯಾಗಿ ನನಗೆ ಸಹಿಸಲಾಗಲಿಲ್ಲ. 0.1ಕ್ಕೆ 0.2 ಕೂಡಿದರೆ ಯಂತ್ರ 0.30000000000000004 ಎಂದಿತು. ಹತ್ತು ಪೈಸೆ ತಾಳೆಯಾಗದೆ ರಾತ್ರಿ ಎಂಟರವರೆಗೆ ಸಂಘದಲ್ಲಿ ಕೂತವಳು ನಾನು. ಈ ಬಾಲವನ್ನು ಯಾವ ಖಾತೆಗೆ ಹಾಕಲಿ? ಒಂದನ್ನು ಮೂರು ಪಾಲು ಮಾಡಿದರೆ ನಮ್ಮ ದಶಮಾಂಶದಲ್ಲಿ 0.333 ಎಂದು ಮುಗಿಯುವುದೇ ಇಲ್ಲವಲ್ಲ, ಹಾಗೆ ಎರಡರ ಲೆಕ್ಕದಲ್ಲಿ ಎಣಿಸುವ ಯಂತ್ರಕ್ಕೆ ಹತ್ತನೆಯ ಒಂದು ಪಾಲು ಮುಗಿಯುವುದಿಲ್ಲವಂತೆ. ಎಲ್ಲೋ ಒಂದು ಕಡೆ ಕತ್ತರಿಸುತ್ತದೆ, ಚೂರು ಉಳಿಯುತ್ತದೆ. ದುಡ್ಡಿನ ಲೆಕ್ಕವಾದರೆ ಪೈಸೆಯಲ್ಲಿ ಪೂರ್ಣಸಂಖ್ಯೆಯಾಗಿ ಇಡುವುದು ಒಂದು ಉಪಾಯ. ಹಳೆಯ ನಗದು ಪುಸ್ತಕಗಳಲ್ಲಿ ರೂಪಾಯಿಗೊಂದು ಕಂಬ, ಪೈಸೆಗೊಂದು ಕಂಬ ಇದ್ದದ್ದು ನೆನಪಾಗಿ ಹೆಮ್ಮೆಯೆನಿಸಿತು.

ರಾಯ್ ಪೀ ಎಂಬ ಅಮೆರಿಕದ ಸಂಶೋಧಕರು 1986ರಲ್ಲಿ ಬರೆದ ಲೇಖನವೊಂದರ ಸಾರವನ್ನು ಮಗಳು ಓದಿ ಹೇಳಿದಳು. ಯಂತ್ರದೊಳಗೆ ನಮ್ಮ ಮನಸ್ಸನ್ನು ತಿಳಿಯಬಲ್ಲ ಇನ್ನೊಂದು ಮನಸ್ಸು ಅಡಗಿದೆ ಎಂಬ ನಂಬಿಕೆಯೇ ಹೊಸಬರ ಹಲವು ತಪ್ಪುಗಳ ಬೇರು ಎಂದು ಅವರ ಮಾತು. ಮಗಳು ಒಂದು ಹೆಸರಿಗೆ 'ಒಟ್ಟು' ಎಂದಿಟ್ಟು, ಅದು ತಾನೇ ಕೂಡಿಕೊಳ್ಳುತ್ತದೆಂದು ಕಾದು ಕೂತಿದ್ದು ಹೀಗೆಯೇ. ಹೆಸರಿಗೆ ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ! ಯಂತ್ರಕ್ಕೆ ಒಟ್ಟೂ ಒಂದೇ, ಒಗ್ಗರಣೆಯೂ ಒಂದೇ. ಕೂಡು ಎಂದು ಹೇಳಿದರೆ ಕೂಡುತ್ತದೆ. ನನಗೇನೋ ಇದರಿಂದ ಸಮಾಧಾನವೇ ಆಯಿತು. ಇಷ್ಟು ವರ್ಷ ಆ ಯಂತ್ರದೊಳಗೆ ಕಿಸಕ್ಕನೆ ನಗುವ ಹುಡುಗರು ಕೂತಿದ್ದಾರೆಂದು ನಾನು ಹೆದರಿದ್ದೆ. ಒಳಗೆ ಯಾರೂ ಇರಲಿಲ್ಲ.

ಪೈಥಾನ್‌ನಲ್ಲಿ ನಾವಿಡುವ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು. 2008ರಲ್ಲಿ ಬಂದ ಮೂರನೆಯ ಆವೃತ್ತಿಯಿಂದ ಈ ಅನುಕೂಲವಿದೆ. ಅದರ ಸ್ವಂತ ಮಾತುಗಳು ಮಾತ್ರ ಇಂಗ್ಲಿಷಿನಲ್ಲೇ ಇರಬೇಕು. ಆಗಸ್ಟಿನ ಒಂದು ಮಧ್ಯಾಹ್ನ ಮಗಳು ಎದ್ದು, "ಈಗ ನೀನು ಕೂತ್ಕೋ" ಎಂದಳು. ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ.

ಶಿಲ್ಕು = 1840
ಶಿಲ್ಕು = ಶಿಲ್ಕು + 500 - 265

ತೋರಿಸು ಎಂಬುದಕ್ಕೆ ಅದರ ಪ್ರಿಂಟ್ ಎಂಬ ಮಾತನ್ನು ಬರೆದು, ಗುಂಡಿ ಒತ್ತಿದೆ. 2075 ಎಂದಿತು. ಅರವತ್ತೆರಡನೆಯ ವಯಸ್ಸಿನಲ್ಲಿ ನಾನು ಬರೆದ ಮೊದಲ ಪ್ರೋಗ್ರಾಮು. ಅಟ್ಟದಿಂದ ಹಳೆಯ ನೋಟ್‌ಬುಕ್ಕನ್ನು ಇಳಿಸಿ ನೋಡಿದೆ. ಪೆನ್ಸಿಲಿನ 0 = 1 ಇನ್ನೂ ಕಾಣುತ್ತಿತ್ತು. ಅಳಿಸಲಿಲ್ಲ.

ಮಗಳಿಗೆ 2025ರ ಫೆಬ್ರವರಿಯಲ್ಲಿ ಕೆಲಸ ಸಿಕ್ಕಿತು. ಬೆಂಗಳೂರಿನಲ್ಲಿ ಬೇರೆ ಮನೆ ಮಾಡಿದ್ದಾಳೆ, ಮಗನ ಶಾಲೆ ಹತ್ತಿರವಿದೆ. ಕೆಲವು ತಿಂಗಳ ಹಿಂದೆ ಒಂದು ಸಂಜೆ ಫೋನ್ ಮಾಡಿದಳು.

"ಅಮ್ಮ, ಆಫೀಸಿಗೆ ಹೊಸ ಹುಡುಗಿ ಬಂದಿದಾಳೆ. ಇವತ್ತು ಅದೇ ಕೇಳಿದಳು, ಎಕ್ಸ್ ಹೇಗೆ ಎಕ್ಸ್ ಪ್ಲಸ್ ಒಂದು ಆಗತ್ತೆ ಅಂತ. ಪಕ್ಕದವರು ನಕ್ಕರು. ನಾನು ನಗಲಿಲ್ಲ."

"ಏನು ಹೇಳಿದೆ ಮತ್ತೆ?"

"ಶಿಲ್ಕು ಅಂದ್ರೆ ಗೊತ್ತಾ ಅಂತ ಕೇಳಿದೆ. ಗೊತ್ತಿಲ್ಲ ಅಂದಳು. ಓಪನಿಂಗ್ ಬ್ಯಾಲೆನ್ಸ್ ಅಂದೆ, ಅದೂ ಗೊತ್ತಿಲ್ಲವಂತೆ. ಈಗ ಏನು ಹೇಳಲಿ?"

"ಇರು, ಹಾಲು ಉಕ್ಕತ್ತೆ, ಒಲೆ ಆರಿಸಿ ಬರ್ತೀನಿ" ಎಂದೆ.